ಅಮ್ಮನ ತಲೆಗಿಂತ ಎತ್ತರ

ನನ್ನ ತಮ್ಮ ಮೈಲ್‌ಸಾಮಿಗೆ ತಿರುಪ್ಪೂರಲ್ಲಿ ಬನಿಯನ್ ಕಂಪನಿ ಇದೆ, ಕಾರಿದೆ, ಬುದ್ಧಿ ಒಂದಿಲ್ಲ. ಮೆಟ್ಟುಪಾಳ್ಯದ ಹತ್ರ ನಮ್ಮ ತವರಿನ ಕುಲದೇವರ ಕಾಡಿದೆ. ಸುತ್ತ ಎಲ್ಲಾ ಬೋಳಾದ್ರೂ ಅದೊಂದು ತುಂಡು ಹಳೇ ಕಾಡು ಉಳಿದಿದೆ. ಅಲ್ಲಿನ ಹಿಪ್ಪೆಮರಗಳನ್ನ ಉರುಳಿಸಿ ಕಲ್ಯಾಣಮಂಟಪ ಕಟ್ಟಿಸ್ತಾನಂತೆ ಮಹಾರಾಯ! ನಮ್ಮವ್ವ ನನಗೂ ಅವನಿಗೂ ತೊಟ್ಟಿಲು ಕಟ್ಟಿದ್ದು ಅದೇ ಮರಗಳಿಗೆ.

ಅವನಿಗೆ ಅಡ್ಡಿ ಒಂದೇ. ಬಾವಲಿಗಳು ನಮ್ಮ ಕುಲದೇವತೆ ಅಮ್ಮನ ಮಕ್ಕಳು, ಅವು ಇರೋವರೆಗೂ ಅಲ್ಲಿ ಕೊಂಬೆ ಕಡಿಯಬಾರದು ಅನ್ನೋದು ಕುಲದ ಕಟ್ಟಳೆ. ಹಗಲು ಜೋತಾಡ್ತಿದ್ದ ದೊಡ್ಡ ಬಾವಲಿಗಳು ಈಗ ಕಾಣಲ್ಲ. ಅದನ್ನೇ ಹಿಡ್ಕೊಂಡು, "ಎಲ್ಲಾ ಬಿಟ್ಟು ಹೋಗಿವೆ" ಅಂತ ಸಾರಿದ. ಬಾವಲಿ ಕೂಗು ಹಿಡಿಯೋ ಮಿಷಿನ್ನು ತರಿಸಿ, ಕಾಡಿನ ಗೇಟಿನ ಕಂಬಕ್ಕೆ ಸೊಂಟದೆತ್ತರದಲ್ಲಿ ಕಟ್ಟಿಸಿದ. ಏನೂ ಸಿಗಲಿಲ್ಲ. ಹಲ್ಲು ಕಿರೀತಾ ಊರೆಲ್ಲ ಹೇಳ್ಕೊಂಡು ಬಂದ.

ನನ್ನ ಮಗಳು ನಿತ್ಯಾ ಕೊಯಮತ್ತೂರಲ್ಲಿ ಪ್ರಾಣಿಶಾಸ್ತ್ರ ಓದ್ತಾಳೆ. "ಮಾಮಾ, ಹಳೇ ಕಾಡಲ್ಲಿ ಒಂದೊಂದು ಜಾತಿ ಬಾವಲಿಗೆ ಒಂದೊಂದು ಎತ್ತರ. ಪೊದೆ ಮೇಲೆ ಹಾರೋವು ಬೇರೆ, ಕೊಂಬೆ ನಡುವೆ ನುಸುಳೋವು ಬೇರೆ. ಮರದ ತುದಿಗಿಂತ ಮೇಲೆ ಹುಳ ಹಿಡಿಯೋವು ಕೆಳಗೆ ಇಳಿಯೋದೇ ಅಪರೂಪ. ಹಗಲೆಲ್ಲ ಪೊಟರೆ ಒಳಗಿರ್ತವೆ. ಗೇಟ್ ಹತ್ರ ನೀವು ಪೊದೆ ಸವರಿ ಲೈಟ್ ಹಾಕಿಸಿದೀರಿ, ಕೆಳಗೆ ಹಾರೋವೂ ಅಲ್ಲಿಗೆ ಬರಲ್ಲ. ಮಿಷಿನ್ನು ಮೇಲೆ ಕಟ್ಟಬೇಕು" ಅಂದ್ಲು.

"ಮರ ಹತ್ತೋದಾ? ಅಮ್ಮನ ತಲೆಗಿಂತ ಮೇಲೆ ಕಾಲಿಡೋದು ಪಾಪ!" ಅಂತ ಕೆನ್ನೆ ಬಡ್ಕೊಂಡ. ಆಹಾ, ಏನು ಭಕ್ತಿ! ಮರ ಹತ್ತಿದ್ರೆ ಪಾಪ, ಬುಡಸಮೇತ ಕಿತ್ರೆ ಪುಣ್ಯ.

ಕಾಡಿನೊಳಗೆ ಅಮ್ಮನ ಗುಡಿ ಹಿಂದೆ ಅವನೇ ಕಟ್ಟಿಸಿದ ನೀರಿನ ಟ್ಯಾಂಕಿದೆ. ಮರದಷ್ಟೇ ಎತ್ತರ, ಮೈತುಂಬಾ ಅವನದೇ ಹೆಸರು. ಅದಕ್ಕೆ ಯಾರೂ ಚಕಾರ ಎತ್ತಿರಲಿಲ್ಲ. ಸಂಜೆ ನಿತ್ಯಾನ ಅದರ ಏಣಿ ಹತ್ತಿಸಿದೆ. ಏಣಿ ನಡುವಿಗೊಂದು, ತುದಿಗೊಂದು ಕಾಲೇಜಿಂದ ತಂದ ಮಿಷಿನ್ನು ಕಟ್ಟಿ ಇಳಿದ್ಲು.

ಮಾರನೇ ಸಂಜೆ ಕುಲದೋರೆಲ್ಲ ಗುಡಿ ಮುಂದೆ ಸೇರಿದಾಗ, ರಾತ್ರಿ ಮಿಷಿನ್ನು ಹಿಡಿದ ಕೂಗನ್ನ ನಮ್ಮ ಕಿವಿಗೆ ಕೇಳೋ ಹಾಗೆ ಮಾಡಿ ಕೇಳಿಸಿದ್ಲು. ನಡುವಿನ ಮಿಷಿನ್ನಲ್ಲಿ ಟಿಕ್ ಟಿಕ್ ಅಂತ ಒಂದಿಷ್ಟು. ತುದೀದು ಹಾಕಿದ್ರೆ ಬಾಣಲೇಲಿ ಜೋಳ ಅರಳಿದ ಹಾಗೆ ಒಂದೇ ಸಮ. ಕುಲದ ಹಿರಿಯ ಕೃಷ್ಣಸಾಮಿ ಚಿಕ್ಕಪ್ಪ ಕಣ್ಣೊರೆಸ್ಕೊಂಡು, "ಮಕ್ಕಳು ಇಲ್ಲೇ ಇದಾವೆ. ಮರ ಮುಟ್ಟಬೇಡಿ" ಅಂದ್ರು.

ತಮ್ಮನ ಮುಖ ಸುಟ್ಟ ಬದನೆಕಾಯಿ ಆಯ್ತು. "ಈ ಹುಡುಗಿ ಅಮ್ಮನ ತಲೆಗಿಂತ ಮೇಲೆ ಹತ್ತಿದಾಳೆ! ತಪ್ಪಿಗೆ ಒದ್ದೆ ಬಟ್ಟೇಲಿ ಗುಡಿ ಸುತ್ತ ಉರುಳಲಿ! ಕಟ್ಟಳೆ ಅಂದ್ರೆ ಕಟ್ಟಳೆ!"

"ಸರಿ, ಹತ್ತಿದೋರೆಲ್ಲ ಮೂರು ಸುತ್ತು ಉರುಳಲಿ" ಅಂದ್ರು ಚಿಕ್ಕಪ್ಪ.

ನಾನು ಫೋನು ತೆಗೆದು ಎಲ್ಲರಿಗೂ ತೋರಿಸಿದೆ. ಟ್ಯಾಂಕ್ ಉದ್ಘಾಟನೆ ಫೋಟೋ. ತುದೀಲಿ ಹಾರ ಹಾಕ್ಕೊಂಡು, ಕೈ ಮುಗಿದು ನಿಂತಿರೋನು ನಮ್ಮ ಮೈಲ್‌ಸಾಮಿ!

ನಿತ್ಯಾ ನಗ್ತಾ ನಗ್ತಾ ಉರುಳಿ ಎದ್ದು ಹೋದ್ಲು. ಇವನು ಹೊಟ್ಟೆ ಹೊತ್ಕೊಂಡು ಒಂದು ಸುತ್ತು ಉರುಳೋವಷ್ಟರಲ್ಲಿ ಹೊತ್ತು ಮುಳುಗಿತ್ತು. ಹಿಪ್ಪೆಮರದ ಕೆಳಗೆ ಅಂಗಾತ ಬಿದ್ದು ಏದುಸಿರು ಬಿಡ್ತಾ ಮೇಲೆ ನೋಡಿದ. ಪೊಟರೆಯಿಂದ ಒಂದೊಂದೇ ಹೊರಬಿದ್ದು, ತುದಿ ದಾಟಿ ಆಕಾಶದ ತುಂಬಾ ಹಾರಾಡ್ತಿದ್ವು.

"ಅಕ್ಕಾ... ಮೇಲೆ ತುಂಬಾ ಇದಾವೆ" ಅಂದ.

"ಈಗ ಕಂಡ್ವಾ?" ಅಂದೆ. "ಉರುಳು, ಇನ್ನೂ ಎರಡು ಸುತ್ತಿದೆ."