ಕಣ್ಣು: ಸೊನ್ನೆ ಸಲ

ವರ್ಲಿನ್ ಪೋಸ್ಟ್ಮಾ ಅಮೆರಿಕದ ಅಯೋವಾದ ಒಂದು ಸಣ್ಣ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಬೇಸ್‌ಬಾಲ್ ಕೋಚ್ ಆಗಿದ್ದ. ಅಷ್ಟರಲ್ಲಿ ಅವನ ತಂಡ ಗೆದ್ದದ್ದು ಮುನ್ನೂರ ತೊಂಬತ್ತೊಂಬತ್ತು ಪಂದ್ಯ. ಸೋತದ್ದೆಷ್ಟು ಎಂದು ಯಾರಾದರೂ ಕೇಳಿದರೆ, "ಅಷ್ಟು ದೊಡ್ಡ ಸಂಖ್ಯೆ ಬೇಕಿದ್ರೆ ಖಗೋಳಶಾಸ್ತ್ರದೋರನ್ನ ಕೇಳಿ" ಎಂದು ತಾನೇ ಮೊದಲು ನಗುತ್ತಿದ್ದ. ಬೇರೆಯವರಿಗಿಂತ ಮೊದಲು ತಾನು ನಕ್ಕುಬಿಡುವುದು ಅವನು ಸ್ವಂತವಾಗಿ ಕಂಡುಹಿಡಿದಿದ್ದ ಒಂದೇ ತಂತ್ರ. ಉಳಿದವನ್ನೆಲ್ಲ ಎದುರಾಳಿಗಳು ಮೊದಲೇ ಕಂಡುಹಿಡಿದಿದ್ದರು.

ಕ್ರೀಡಾಭವನದ ಬಾಗಿಲ ಪಕ್ಕದಲ್ಲಿ ಒಂದು ಹಿತ್ತಾಳೆ ಫಲಕವಿತ್ತು. ನಾನೂರು ಪಂದ್ಯ ಗೆದ್ದ ಕೋಚ್‌ಗಳ ಹೆಸರು ಅದರಲ್ಲಿ. ಇದ್ದದ್ದು ಎರಡೇ ಹೆಸರು. ಮೂರನೆಯದಕ್ಕೆ ನಾಲ್ಕು ಅಂಗುಲ ಜಾಗ ಖಾಲಿ. ಫಲಕದ ಮಾತು ಬಂದರೆ ವರ್ಲಿನ್ ಕೈ ಬೀಸಿ ತಳ್ಳಿಹಾಕುತ್ತಿದ್ದ. ಆದರೆ ಆ ನಾಲ್ಕು ಅಂಗುಲವನ್ನು ಅಳತೆಪಟ್ಟಿ ಹಿಡಿದು ಅಳೆದವನು ಅವನೇ. ಮೇ ತಿಂಗಳ ಆ ಶನಿವಾರದ್ದು ಅವನ ಸೇವೆಯ ಕೊನೆಯ ಪಂದ್ಯ. ಗೆದ್ದರೆ ನಾನೂರು. ಸೋತರೆ ಆ ಜಾಗ ಖಾಲಿಯೇ.

ವರ್ಲಿನ್ ಓದಿದ್ದು ಪ್ರಾಣಿಶಾಸ್ತ್ರ. ಕೊಕ್ಕರೆ ಗಂಟೆಗೆ ಎಷ್ಟು ಸಲ ಕೊಕ್ಕು ಉಜ್ಜುತ್ತದೆ ಎಂದು ಕೆಸರಿನಲ್ಲಿ ನಿಂತು ಎಣಿಸಿದವನು. ಕೋಚ್ ಆದಾಗ ಆಟಗಾರರಿಗೆ ದೂರದಿಂದ ತೋರಿಸಲು ಸನ್ನೆಗಳು ಬೇಕಾದವು. ತನ್ನ ಕೈ ತನಗೇ ತಿಳಿಯದೆ ಎಲ್ಲೆಲ್ಲಿ ಹೋಗುತ್ತದೆ ಎಂದು ಎಣಿಸಲು ಹೆಂಡತಿ ಮಾರ್ಲಿಸ್‌ಳನ್ನು ಒಂದಿಡೀ ಋತು ನೋಟ್‌ಬುಕ್ ಸಮೇತ ಪ್ರೇಕ್ಷಕರ ಬೆಂಚಿನಲ್ಲಿ ಕೂರಿಸಿದ. ಮದುವೆಯಾಗಿ ಆಗಿನ್ನೂ ಒಂದು ವರ್ಷ, ಅವಳು ಒಪ್ಪಿದಳು. ಫಲಿತಾಂಶ: ಪಂದ್ಯವೊಂದಕ್ಕೆ ಮೂಗು ನಲವತ್ತೊಂದು ಸಲ, ಬೆಲ್ಟು ಅರವತ್ತು ಸಲ, ಕಿವಿ ಹದಿನೇಳು. ಕಣ್ಣು ಮಾತ್ರ, ಮೂವತ್ತೆಂಟು ಪಂದ್ಯಗಳಲ್ಲಿ, ಸೊನ್ನೆ.

ಹಾಗಾಗಿ ಅತ್ಯಂತ ಅಪಾಯದ ಆಜ್ಞೆಗೆ ಅವನು ಕಣ್ಣನ್ನು ಆರಿಸಿದ. ಟೋಪಿಯ ಅಂಚು ಮುಟ್ಟಿದರೆ, ಇದರ ನಂತರ ಮುಟ್ಟುವುದೇ ಲೆಕ್ಕ ಎಂದರ್ಥ. ಎದೆ ಒರೆಸಿದರೆ ಎಲ್ಲ ರದ್ದು. ಅಂಚು ಮುಟ್ಟಿ ಕಣ್ಣು ಮುಟ್ಟಿದರೆ, ಬ್ಯಾಟ್ ಹಿಡಿದವನು ಬೀಸದೆ ಚೆಂಡನ್ನು ಮೆಲ್ಲಗೆ ನೆಲಕ್ಕೆ ತಾಗಿಸಬೇಕು, ಮೂರನೇ ಬೇಸ್‌ನಲ್ಲಿದ್ದವನು ಅದೇ ಕ್ಷಣ ಹಿಂದೆಮುಂದೆ ನೋಡದೆ ‘ಮನೆ’ ಎನ್ನುವ ಕೊನೆಯ ಬೇಸ್‌ಗೆ ಓಡಬೇಕು. ತಾಗಿದರೆ ರನ್, ತಪ್ಪಿದರೆ ಸರ್ವನಾಶ. ಇಷ್ಟು ಪರಿಶುದ್ಧ ವ್ಯವಸ್ಥೆಗೆ ಇದ್ದ ಕೊರತೆ ಒಂದೇ. ಆಟಗಾರರು ಯಾರೂ ಅವನತ್ತ ನೋಡುತ್ತಿರಲಿಲ್ಲ.

ಅಂದು ಬೆಳಿಗ್ಗೆ ತಂಡದ ಅತಿ ನಿಧಾನದ ಓಟಗಾರ ಓರಿನ್ ಕೇಳಿದ: "ಕೋಚ್, ಇವತ್ತು ಸನ್ನೆ ಗಿನ್ನೆ ಮಾಡ್ತೀರೋ, ಇಲ್ಲ ಬರೀ ಸೊಳ್ಳೆ ಹೊಡ್ಕೊತೀರೋ?"

"ಎರಡಕ್ಕೂ ವ್ಯತ್ಯಾಸ ಗೊತ್ತಿಲ್ದೇನೇ ನಾಲ್ಕು ವರ್ಷ ಆಡಿದೆಯಲ್ಲೋ, ಪುಣ್ಯಾತ್ಮ!"

ತಂಡದ ಅತಿ ಬಲಿಷ್ಠ ಹೊಡೆತಗಾರ ರಮೀರೊ ಮಾತ್ರ ನಗಲಿಲ್ಲ. "ಇಲ್ಲ ಕೋಚ್. ರಾತ್ರಿ ಎಲ್ರೂ ಕೂತು ಸನ್ನೆ ಬಾಯಿಪಾಠ ಮಾಡಿದ್ದೀವಿ. ನಿಮ್ಮ ಕಡೇ ಆಟ. ನೀವು ಏನು ತೋರಿಸ್ತೀರೋ ಅದೇ. ಯಾಕೆ ಅಂತ ಕೇಳಲ್ಲ."

ವರ್ಲಿನ್ ಅವನ ಭುಜ ತಟ್ಟಿದ. ಹೆದರಬೇಕಾಗಿದ್ದದ್ದು ಆಗಲೇ.

ಒಂಬತ್ತನೇ ಇನಿಂಗ್ಸ್‌ನ ಕೊನೆ. ಎರಡೂ ತಂಡದ್ದು ನಾಲ್ಕು ರನ್, ಇನ್ನೊಂದು ಬಂದರೆ ಗೆಲುವು. ಮೂವರು ಔಟಾದರೆ ಇನಿಂಗ್ಸ್ ಮುಗಿಯುತ್ತದೆ, ಔಟಾದವನು ಇನ್ನೂ ಒಬ್ಬನೇ. ಮೂರನೇ ಬೇಸ್‌ನಲ್ಲಿ ಓರಿನ್, ಬ್ಯಾಟ್ ಹಿಡಿದು ರಮೀರೊ. ರಮೀರೊ ದೂರ ಎತ್ತಿ ಹೊಡೆದರೆ ಸಾಕು, ಅದು ಕ್ಯಾಚಾದರೂ ಓರಿನ್ ತೆವಳಿಕೊಂಡಾದರೂ ಮನೆ ಸೇರಬಹುದಿತ್ತು. ವರ್ಲಿನ್ ಮೂರನೇ ಬೇಸ್ ಪಕ್ಕದಲ್ಲಿ ನಿಂತು ಕೈಗಳನ್ನು ಜೇಬಿನಲ್ಲಿ ಭದ್ರವಾಗಿ ಇಟ್ಟುಕೊಂಡಿದ್ದ. ಈ ಹೊತ್ತಿನಲ್ಲಿ ತಾನು ಮಾಡಬಹುದಾದ ಅತ್ಯುತ್ತಮ ಕೆಲಸ ಏನನ್ನೂ ಮಾಡದಿರುವುದು ಎಂಬ ತಿಳಿವಳಿಕೆ ಅವನಿಗಿತ್ತು.

ಆಗಲೇ ಧ್ವನಿವರ್ಧಕ ಗೊರಗೊರ ಎಂದಿತು. "ಮಹನೀಯರೇ, ಮೂವತ್ತೊಂದು ವರ್ಷ ಈ ಮೈದಾನದ ಹುಲ್ಲನ್ನೂ ತಾನೇ ಕತ್ತರಿಸಿದ ನಮ್ಮ ಕೋಚ್ ಪೋಸ್ಟ್ಮಾ!"

ಇನ್ನೂರು ಜನ ಎದ್ದು ನಿಂತರು. ಎದುರಾಳಿ ತಂಡದವರೂ ಚಪ್ಪಾಳೆ ತಟ್ಟಿದರು. ವರ್ಲಿನ್ ಮರ್ಯಾದೆಗೆ ಟೋಪಿಯ ಅಂಚು ಮುಟ್ಟಿದ. ಆಮೇಲೆ ಬೆರಳಿನಿಂದ ಕಣ್ಣು ಒರೆಸಿಕೊಂಡ.

ಬೆಂಚಿನಲ್ಲಿ ಮಾರ್ಲಿಸ್ ಒಬ್ಬಳಿಗೇ ಅರ್ಥವಾಯಿತು. ಅವಳು ಎದ್ದು ಎರಡೂ ಕೈಯಿಂದ ಎದೆ ಒರೆಸತೊಡಗಿದಳು. ಸಾಸೇಜು ಗಂಟಲಿಗೆ ಸಿಕ್ಕಿದೆಯೆಂದು ಪಕ್ಕದ ಹೆಂಗಸು ಅವಳ ಬೆನ್ನಿಗೆ ಗುದ್ದತೊಡಗಿದಳು.

ಚೆಂಡೆಸೆಯುವ ಪಿಚರ್ ಕೈ ಎತ್ತಿದ. ಓರಿನ್ ವರ್ಲಿನ್‌ನ ಪಕ್ಕದಿಂದ ಧಡಧಡ ಓಡಿದ. "ಎಲ್ಲಿಗೋ?" ಎಂದು ವರ್ಲಿನ್ ಕೂಗುವಷ್ಟರಲ್ಲಿ, ಜನ್ಮದಲ್ಲಿ ಚೆಂಡನ್ನು ಮೆಲ್ಲಗೆ ತಾಗಿಸಿರದ ರಮೀರೊ ಮೆಲ್ಲಗೆ ತಾಗಿಸಿದ. ಚೆಂಡು ನೆಲಕ್ಕೆ ಬೀಳದೆ ಸುಮ್ಮನೆ ಮೇಲೆದ್ದು ಅವನ ಹಿಂದೆ ಕೂತಿದ್ದ ಕ್ಯಾಚರ್‌ನ ಕೈಗೆ ಬಂತು. ಅವನು ಅದನ್ನು ಮೂರನೇ ಬೇಸ್‌ಗೆ ಎಸೆದ. ಕ್ಯಾಚಾದರೆ ಓಟಗಾರ ಚೆಂಡಿಗಿಂತ ಮೊದಲು ತನ್ನ ಬೇಸ್‌ಗೆ ಮರಳಬೇಕು, ಅರ್ಧ ದಾರಿಯಲ್ಲಿದ್ದ ಓರಿನ್‌ಗೆ ಅದು ಆಗಲಿಲ್ಲ. ಒಂದೇ ಏಟಿಗೆ ಇಬ್ಬರೂ ಔಟ್, ಇನಿಂಗ್ಸ್ ಮುಗಿಯಿತು. ನಾಲ್ಕು ವರ್ಷ ಹೇಳಿದ್ದನ್ನು ಕೇಳದವರು ಅಂದು ಹೇಳದ್ದನ್ನು ಕೇಳಿದ್ದರು.

ಸಮವಾದ್ದರಿಂದ ಆಡಿಸಿದ ಹತ್ತನೆಯದರಲ್ಲಿ ಎದುರಾಳಿಗಳು ಒಂದು ರನ್ ಮಾಡಿದರು. ಇವರು ಮಾಡಲಿಲ್ಲ.

"ಸನ್ನೆ ತಪ್ಪು ಓದಿ ರಮೀರೊ ಪಂದ್ಯ ಕೈಚೆಲ್ಲಿದ್ದಾನೆ," ಎಂದು ಧ್ವನಿವರ್ಧಕ ಊರಿಗೆಲ್ಲ ಸಾರುತ್ತಿತ್ತು. ರಮೀರೊ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತಿದ್ದ.

"ಟೋಪಿ ಮುಟ್ಟಿದ್ರಿ, ಕಣ್ಣು ಮುಟ್ಟಿದ್ರಿ. ನಾನು ನೋಡ್ದೆ ಕೋಚ್. ತಪ್ಪು ನೋಡಿದ್ನಾ?"

ವರ್ಲಿನ್‌ನ ನಾಲಿಗೆಯ ತುದಿಗೆ ತನ್ನನ್ನೇ ಗೇಲಿ ಮಾಡಿಕೊಳ್ಳುವ ಮಾತೊಂದು ಬಂತು. ಅದನ್ನು ನುಂಗಿದ. "ನೀನು ಸರಿಯಾಗೇ ನೋಡಿದೆ ಕಣೋ. ನಾನು ಅಳ್ತಿದ್ದೆ."

ಓರಿನ್, "ಅಳೋದಕ್ಕೆ ಬೇರೆ ಸನ್ನೆ ಇಡಬೇಕಿತ್ತು ಕೋಚ್," ಎಂದ. ಟವೆಲಿನ ಒಳಗಿನಿಂದ ನಗು ಕೇಳಿಸಿತು.

ವರ್ಲಿನ್ ನೇರ ಉದ್ಘೋಷಕನ ಅಟ್ಟಣೆಯ ಏಣಿ ಹತ್ತಿ ಅವನ ಮೈಕು ಕಸಿದುಕೊಂಡ. "ಆ ಸನ್ನೆ ನಂದು. ನಾನು ಅಳ್ತಾ ನಿಂತಿದ್ದೆ. ಹುಡುಗ ಓದಿದ್ದು ಸರಿ," ಎಂದ. ತನ್ನ ಬಗ್ಗೆ ಮಾತಾಡಿ ಅವನು ನಗದೆ ಕೆಳಗಿಳಿದದ್ದು ಅದೇ ಮೊದಲು.

ಕಾರಿನಲ್ಲಿ ಮಾರ್ಲಿಸ್ ಗುದ್ದು ತಿಂದ ಬೆನ್ನು ನೀವಿಕೊಳ್ಳುತ್ತ ಕೂತಿದ್ದಳು. ಅವಳ ತೊಡೆಯ ಮೇಲೆ ಆ ಹಳೆಯ ನೋಟ್‌ಬುಕ್. ವಿದಾಯದ ಊಟದಲ್ಲಿ ಓದಿ ಅವನ ಮಾನ ಕಳೆಯಲೆಂದು ತಂದಿದ್ದಳಂತೆ.

"ಮೂವತ್ತೆಂಟು ಪಂದ್ಯ ಸಾಕು ಅಂದಿದ್ದೆ ನೀನು. ಇನ್ನೂ ಎಣಿಸಬೇಕಿತ್ತು," ಎಂದಳು. "ಈಗ ಕಣ್ಣಿಗೆ ಎಷ್ಟು ಬರೀಲಿ?"

"ಒಂದು."

ಅವಳು ಪೆನ್ನು ತೆಗೆದಳು. ಕಿಟಕಿಯಾಚೆ ರಮೀರೊ ಮತ್ತು ಓರಿನ್, ದಿನವೂ ವರ್ಲಿನ್ ಎಳೆಯುತ್ತಿದ್ದ ಕುಂಟೆಗಳನ್ನು ಹಿಡಿದು, ಯಾರೂ ಹೇಳದೆಯೇ, ಬೇಸ್‌ಗಳ ಸುತ್ತಲಿನ ಮಣ್ಣು ಸಮ ಮಾಡುತ್ತಿದ್ದರು.

"ತಡಿ," ಎಂದ ವರ್ಲಿನ್, ಬೆರಳು ಮುಖದತ್ತ ಒಯ್ಯುತ್ತ. "ಎರಡು ಅಂತ ಬರಿ."