ಉದ್ದನೆಯ ದಂಟು

"ದಂಟಿನ ಹಾಲು ಪೂರ್ತಿ ಹೋಗಿಲ್ಲ ಟೀಚರಮ್ಮ, ಬಾಯಿಗಿಟ್ರೆ ನಾಲ್ಗೆ ಉರೀತದೆ," ಎನ್ನುತ್ತ ಅಮ್ಮಯಮ್ಮ ಪರಂಗಿ ಎಲೆಯ ದಂಟುಗಳನ್ನು ಮತ್ತೊಮ್ಮೆ ಉಪ್ಪುನೀರಿನ ಬೋಗುಣಿಯಲ್ಲಿ ಅದ್ದಿದಳು. "ಪಂಚಾಯ್ತಿ ಗಂಡಸ್ರ ಬಾಯಿಗೆ ಪೀಪಿ ಇಕ್ಕಾಕೆ ಹೊಂಟಿದೀರಲ್ಲ, ನಿಮ್ಮ ಧೈರ್ಯಕ್ಕೆ ಮೆಚ್ಬೇಕು ಕಣವ್ವ."

"ಊದೋಕಲ್ಲ, ನೀರು ಹೀರೋಕೆ. ಅವ್ರ ಕಣ್ಣಿಗೆ ಕಾಣ್ಬೇಕು ಅಮ್ಮಯಮ್ಮ. ಬರೀ ಬಾಯಲ್ಲಿ ಹೇಳಿದ್ರೆ ಯಾರು ಕೇಳ್ತಾರೆ?"

ಅರುಣಾ ಶಾಲೆಯ ಹಿಂದಿನ ಬಾವಿಕಟ್ಟೆಯ ಮೇಲೆ ಕುಳಿತು ದಂಟುಗಳ ಎರಡೂ ತುದಿ ಕತ್ತರಿಸಿ, ಉದ್ದದ್ದು, ನಡುವಿನದು, ಗಿಡ್ಡದ್ದು ಎಂದು ಬೇರೆ ಮಾಡುತ್ತಿದ್ದಳು. ಆ ಪರಂಗಿ ಮರ ಬೆಳೆದದ್ದೂ ಬಾವಿಕಟ್ಟೆಯಲ್ಲಿ ಚೆಲ್ಲಿದ ನೀರಿನಿಂದಲೇ. ಶಾಲೆಯ ಮಕ್ಕಳು ಕುಡಿಯುವುದು, ಕೆಳಗಿನ ಬೀದಿಯವರೆಲ್ಲ ಬಿಂದಿಗೆ ತುಂಬಿಕೊಳ್ಳುವುದು ಈ ಒಂದು ಬಾವಿಯಲ್ಲಿ. ಒಳಗೋಡೆಯ ಕಲ್ಲಿನ ಮೇಲೆ ಯಾವ ಪುಣ್ಯಾತ್ಮನೋ ಒಂದು ಮೀನು ಕೆತ್ತಿಸಿದ್ದ. ಮಳೆಗಾಲ ಮುಗಿಯುವಾಗ ಮೀನು ಮುಳುಗಿರುತ್ತಿತ್ತು, ಯುಗಾದಿಯ ಹೊತ್ತಿಗೆ ಬೆನ್ನು ತೋರಿಸುತ್ತಿತ್ತು. ಅದಕ್ಕಿಂತ ಕೆಳಗೆ ನೀರು ಇಳಿದದ್ದನ್ನು ಶಾಲೆಯ ಕಸ ಗುಡಿಸಿ ನೀರು ಸೇದುತ್ತಲೇ ಮುದುಕಿಯಾದ ಅಮ್ಮಯಮ್ಮ ಕಂಡಿರಲಿಲ್ಲ. ಈ ವರ್ಷ ಸಂಕ್ರಾಂತಿಗೇ ಮೀನು ಪೂರ್ತಿ ಹೊರಗೆ ಬಂದು, ಅದರ ಕೆಳಗಿನ ಕಲ್ಲೂ ಒಣಗಿತ್ತು.

ಎಲ್ಲ ದ್ರಾಕ್ಷಿಯ ಮಹಿಮೆ. ಬೂದಿಗೆರೆಯ ಸುತ್ತಮುತ್ತ ರಾಗಿ ಹೊಲಗಳಲ್ಲಿ ಕಲ್ಲುಕಂಬ ಎದ್ದು, ತಂತಿ ಬಿಗಿದು, ಚಪ್ಪರ ಹಬ್ಬಿತ್ತು. ಚಪ್ಪರಕ್ಕೊಂದು ಬೋರು, ಬೋರಿಗೊಂದು ಮೋಟರು. ಕರೆಂಟು ಬಂದ ಗಳಿಗೆಯಲ್ಲಿ ಊರಿಗೆ ಊರೇ ಗುಂಯ್‌ಗುಡುತ್ತಿತ್ತು. ಈಗ ಪಂಚಾಯ್ತಿ ಅಧ್ಯಕ್ಷ ಚಿನ್ನಸ್ವಾಮಿ ಶಾಲೆಯ ಬೇಲಿಗೆ ಅಂಟಿಕೊಂಡ ತನ್ನ ಹೊಲದಲ್ಲಿ ಇನ್ನೊಂದು ಬೋರು ಕೊರೆಸುವವನಿದ್ದ. ಅದು ಬಂದರೆ ಬಾವಿಯ ಕಥೆ ಮುಗಿಯಿತು ಎಂದು ಅರುಣಾಳಿಗೆ ಗೊತ್ತಿತ್ತು. ಅವನ ಮನೆಗೇ ಹೋಗಿ ಕೇಳಿಕೊಂಡಿದ್ದಳು. ಅವನು ಕಾಫಿ ಕೊಡಿಸಿ, "ಭೂಮಿ ಒಳಗಿಂದು ನಿಮ್ಗೆಂಗೆ ಕಾಣ್ತದೆ ಮೇಡಮ್ಮೋರೆ? ಮೀಟಿಂಗ್‌ನಾಗೆ ನಮ್ಗೂ ತೋರ್ಸಿ. ಒಪ್ಪೋ ಹಂಗಿದ್ರೆ ಬೋರು ಬಿಟ್ಬಿಡ್ತೀನಿ" ಎಂದಿದ್ದ. ನಗುನಗುತ್ತಲೇ ಅಂದ ಮಾತು. ಆದರೂ ಮಾತು ಮಾತೇ ಅಲ್ಲವೆ? ಅವಳು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಳು.

ತೋರಿಸಲು ಅವಳ ಬಳಿ ಗಾಜಿನ ಪೆಟ್ಟಿಗೆಯಿತ್ತು. ದೊಡ್ಡಬಳ್ಳಾಪುರದಲ್ಲಿ ಮಗ್ಗ ನಡೆಸುವ ಅಪ್ಪನ ಮನೆಯಲ್ಲಿ ಅವಳ ತಮ್ಮ ಕುಮಾರ್ ಬಣ್ಣದ ಮೀನು ಸಾಕಲು ತಂದಿದ್ದ. ಮಗ್ಗದ ಸದ್ದಿಗೆ ಬೆದರಿಯೋ ಏನೋ ಮೀನುಗಳೆಲ್ಲ ಸತ್ತು, ಪೆಟ್ಟಿಗೆ ಅಟ್ಟ ಸೇರಿತ್ತು. ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದು, ತಳಕ್ಕೆ ಜಲ್ಲಿ, ಮೇಲೆ ಗರಸು, ಅದರ ಮೇಲೆ ಮರಳು, ಎಲ್ಲಕ್ಕೂ ಮೇಲೆ ಕೆಮ್ಮಣ್ಣು ಹಾಕಿಸಿ, ನೀರು ಸುರಿದು ಏಳನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡಿದ್ದಳು. ದಂಟು ಚುಚ್ಚಿ ಹೀರಿದ್ದೇ ಹೀರಿದ್ದು, ಗಾಜಿನ ಆಚೆ ಒದ್ದೆಮಣ್ಣಿನ ಗೆರೆ ಇಳಿಯುತ್ತ ಹೋದದ್ದು ಎಲ್ಲರಿಗೂ ಕಂಡಿತ್ತು. "ಇದ್ರಿಂದ ಏನು ತಿಳೀತು?" ಎಂದಾಗ ಎದ್ದು ನಿಂತು ಸರಿಯಾಗಿ ಹೇಳಿದವಳು ಚಿನ್ನಸ್ವಾಮಿಯ ಮಗಳು ಶಿಲ್ಪ: "ಎಲ್ರೂ ಒಟ್ಟಿಗೆ ಹೀರಿದ್ರೆ ಕೊನೇಗೆ ಯಾರ್ಗೂ ಇರಲ್ಲ ಮಿಸ್." ಅವತ್ತು ಅರುಣಾಳಿಗೆ ಕಣ್ಣಲ್ಲಿ ನೀರೇ ಬಂದಿತ್ತು. ಮಕ್ಕಳಿಗೆ ತಿಳಿದದ್ದು ದೊಡ್ಡವರಿಗೆ ತಿಳಿಯದೆ ಇರುತ್ತದೆಯೆ ಎಂದುಕೊಂಡಳು. ಪಾಪ, ಹೊಸ ಮೇಷ್ಟ್ರುಗಳಿಗೆಲ್ಲ ಬರುವ ಭ್ರಮೆ ಅದು.

ಮೀಟಿಂಗು ಶಾಲೆಯ ಜಗಲಿಯಲ್ಲೇ ನಡೆಯಿತು. ಮೆಂಬರುಗಳು, ತೋಟದವರು, ಬೇಲಿಯಾಚೆ ನಿಂತ ಹೆಂಗಸರು, ಕಿಟಕಿಗೆ ಜೋತುಬಿದ್ದ ಮಕ್ಕಳು. ಅರುಣಾ ನೀರು ಸುರಿದ ಗಾಜಿನ ಪೆಟ್ಟಿಗೆಯನ್ನು ನಡುವೆ ಇರಿಸಿ, ಬೇಕೆಂದೇ ಗಿಡ್ಡ ದಂಟನ್ನು ಚಿನ್ನಸ್ವಾಮಿಗೆ ಕೊಟ್ಟಳು. ಉದ್ದದ್ದು ಪಕ್ಕದ ತೋಟದ ಪಾಪಯ್ಯನಿಗೆ ಹೋಯಿತು, ನಡುವಿನವು ಉಳಿದವರಿಗೆ.

"ಅಧ್ಯಕ್ಷರ ಕೈಲಿರೋದು ನಮ್ಮ ಶಾಲೆ ಬಾವಿ. ಪಾಪಯ್ಯನವರ ಕೈಲಿರೋದು ಬೋರು. ಎಲ್ರೂ ಒಟ್ಟಿಗೆ ಹೀರಿ, ಪಕ್ಕದ ಲೋಟಕ್ಕೆ ಉಗುಳಿ."

ಬಿಳಿಮೀಸೆಯ ಗಂಡಸರು ನಾಚಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ, ಬಗ್ಗಿ ಬಾಯಿಟ್ಟರು. ನಾಲ್ಕು ಗುಟುಕು ಆಗುವಷ್ಟರಲ್ಲಿ ಚಿನ್ನಸ್ವಾಮಿಯ ದಂಟು ಸೊರಸೊರ ಎಂದಿತು. "ಅಧ್ಯಕ್ಷರ ಬೋರ್ ಫೇಲು ಗುರೂ!" ಎಂದು ಯಾರೋ ಕೂಗಿದರು. ಜಗಲಿಯೆಲ್ಲ ನಗು. ಅವನೂ ನಕ್ಕು ಮೀಸೆ ಒರೆಸಿಕೊಂಡು, ಪಾಪಯ್ಯನ ಕಡೆ ತಿರುಗಿದ.

"ಇವ್ನಿಗೆ ಇನ್ನೂ ಬತ್ತಾ ಐತಲ್ಲ ಮೇಡಮ್ಮೋರೆ?"

"ಅವ್ರ ದಂಟು ಉದ್ದ ಅಲ್ವಾ," ಎಂದಳು ಅರುಣಾ. ಪಾಠ ಕೈಗೆ ಹತ್ತಿದ ಉತ್ಸಾಹದಲ್ಲಿ ಅವಳೇ ಅಂದುಬಿಟ್ಟಳು. "ಆದ್ರೆ ತಾಳಿ, ನೋಡ್ತಾ ಇರಿ, ಅದೂ ನಿಲ್ಲುತ್ತೆ." ಪಾಪಯ್ಯನ ದಂಟೂ ಗೊರಗೊರ ಎಂದು ನಿಂತಿತು. "ನೋಡಿದ್ರಾ? ಈಗ ಯಾರ್ಗೂ ಇಲ್ಲ. ನಮ್ಮನೇಲಿ ಮಗ್ಗದ ಒಂದೆಳೆ ಕಡಿದ್ರೂ ನಮ್ಮಪ್ಪ ಮಗ್ಗ ನಿಲ್ಲಿಸ್ತಾರೆ. ನಿಲ್ಲಿಸದೆ ಹೋದ್ರೆ ಸೀರೆ ಪೂರ್ತಿ ಕೆಡುತ್ತೆ. ಇಲ್ಲೂ ನಿಲ್ಲಿಸ್ಬೇಕು ಚಿನ್ನಸಾಮಣ್ಣ. ಬಾವಿ ಪಕ್ಕ ಬೋರು ಬೇಡ."

ಯಾರೂ ಅವಳನ್ನು ನೋಡುತ್ತಿರಲಿಲ್ಲ. ತೋಟದವರೆಲ್ಲ ದಂಟುಗಳನ್ನು ಈಚೆಗೆ ಎಳೆದು, ಒಂದರ ಪಕ್ಕ ಒಂದಿಟ್ಟು ಅಳೆಯುತ್ತಿದ್ದರು. ಚಿನ್ನಸ್ವಾಮಿ ಕಿಟಕಿಯ ಕಡೆ ನೋಡಿ ಮಗಳನ್ನು ಕರೆದ.

"ಏನ್ ಮಗಳೆ, ಇದ್ರಾಗೆ ಏನ್ ಕಲ್ತೆ? ಹೇಳು ಎಲ್ರಿಗೂ."

ಶಿಲ್ಪ ಮಿಸ್ಸಿನ ಮುಖ ನೋಡಿದಳು. "ಎಲ್ರೂ ಒಟ್ಟಿಗೆ ಹೀರಿದ್ರೆ ಕೊನೇಗೆ ಯಾರ್ಗೂ ಇರಲ್ಲ ಅಪ್ಪಾ."

"ಭೇಷ್! ಅದಕ್ಕೇ ಕಣಮ್ಮಾ, ಎಲ್ರೂ ಹೀರೋಕೆ ಮುಂಚೆ ನಾವು ಹೀರ್ಬೇಕು." ಅವನು ಅರುಣಾಳ ಕಡೆ ತಿರುಗಿ ಎರಡೂ ಕೈ ಜೋಡಿಸಿದ. "ನಾನು ಬೋರು ಅರ್ಧಕ್ಕೇ ನಿಲ್ಲಿಸ್ಬೇಕು ಅಂತಿದ್ದೆ ಮೇಡಮ್ಮೋರೆ, ದಡ್ಡ ನನ್ಮಗ. ಬಂಡೆ ಸೀಳೋಗಂಟ ಇಳಿಸ್ತೀನಿ. ಒಳ್ಳೇ ಕಾಲಕ್ಕೆ ಕಣ್ಣು ತೆರೆಸಿದ್ರಿ."

ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅರುಣಾ ಜಗಳಕ್ಕಾದರೂ ನಿಲ್ಲುತ್ತಿದ್ದಳು. ಅವನು ನಿಜವಾಗಿಯೂ ಉಪಕಾರ ನೆನೆದು ಕೈಮುಗಿದಿದ್ದ.

ಅದೇ ವಾರ ಬೋರಿನ ಲಾರಿ ಬಂದು ಬೇಲಿಯಾಚೆ ನಿಂತಿತು. ಶಾಲೆಯ ಗೋಡೆ ಗಡಗಡ ನಡುಗಿ, ಬೋರ್ಡಿನ ಮೇಲಿನ ಸೀಮೆಸುಣ್ಣ ಉರುಳಿ ಬೀಳುತ್ತಿತ್ತು. ಪಾಠ ಮಾಡುವುದು ಎಲ್ಲಿ ಬಂತು! ಮಕ್ಕಳೆಲ್ಲ ಬೇಲಿಗೆ ಓಡಿದರು. ಕೊಳವೆಯಿಂದ ಕೆಮ್ಮಣ್ಣು ಹಾರಿದಾಗ "ಮೊದಲ್ನೇ ಪದರ!" ಎಂದು ಕೂಗಿದರು. ಹಳದಿ ಗರಸು ಬಂದಾಗ ಕುಣಿದರು. ಸಂಜೆಯ ಹೊತ್ತಿಗೆ ಬಂಡೆಯ ಬೂದುಬಣ್ಣದ ಹಿಟ್ಟು ಎದ್ದು ಪರಂಗಿ ಎಲೆ, ಬಾವಿಕಟ್ಟೆ, ಮಕ್ಕಳ ತಲೆಗೂದಲು ಎಲ್ಲವನ್ನೂ ಮುಚ್ಚಿತು. ಶಿಲ್ಪ ಬೊಗಸೆಯಲ್ಲಿ ಹಿಟ್ಟು ಹಿಡಿದು ಓಡಿಬಂದಳು.

"ಮಿಸ್, ಮಿಸ್! ಇದು ತಳದ್ದಲ್ವಾ? ನಾವು ಜಲ್ಲಿ ಹಾಕಿದ್ವಲ್ಲ, ಅದೇ ಅಲ್ವಾ?"

"ಹೌದು," ಎಂದಳು ಅರುಣಾ. "ಸರಿಯಾಗಿ ಹೇಳ್ದೆ."

ಅವಳಿಗೆ ಕಲಿಸಿದ್ದಕ್ಕೆ ಇಷ್ಟು ಸಂಕಟ ಯಾವತ್ತೂ ಆಗಿರಲಿಲ್ಲ. ನೀರು ಚಿಮ್ಮಿತು, ಜನ ಸಿಳ್ಳೆ ಹೊಡೆದರು, ಚಿನ್ನಸ್ವಾಮಿ ಶಾಲೆಗೆಲ್ಲ ಬೂಂದಿ ಹಂಚಿದ. ಮರುದಿನ ಲಾರಿ ಅಲ್ಲಿಂದ ಪಾಪಯ್ಯನ ತೋಟಕ್ಕೆ ಹೋಯಿತು. ಅಲ್ಲಿಂದ ಇನ್ನೊಬ್ಬರದಕ್ಕೆ. ಗಿಡ್ಡ ದಂಟು ಯಾರಿಗೆ ಬೇಕು?

ಬಾವಿ ಯುಗಾದಿಯವರೆಗೂ ತಡೆಯಲಿಲ್ಲ. ಒಂದು ಬೆಳಿಗ್ಗೆ ಅಮ್ಮಯಮ್ಮ ಬಿಟ್ಟ ಕೊಡ ಠಣ್ ಎಂದು ಕಲ್ಲಿಗೆ ಬಡಿಯಿತು. ಅವಳು ಮತ್ತೊಮ್ಮೆ ಬಿಟ್ಟಳು. ಮತ್ತೆ ಠಣ್. ಹಗ್ಗ ಮೇಲೆಳೆದು ಸುತ್ತುತ್ತ, "ಗಣೇಶನ್ನ ಮಾಡಾಕೋಗಿ ಅವ್ರಪ್ಪನ್ನ ಮಾಡ್ದಂಗಾಯ್ತು ನಿಮ್ಮ ಪಾಠ" ಎಂದಳು. ಅರುಣಾ ಬಾವಿಕಟ್ಟೆಗೆ ಒರಗಿ ಮಕ್ಕಳ ಎದುರಿಗೇ ಅತ್ತುಬಿಟ್ಟಳು.

"ನಾನು ಸುಮ್ನೆ ಇದ್ದಿದ್ರೆ ಅರ್ಧಕ್ಕೇ ನಿಲ್ಲಿಸ್ತಿದ್ನಂತೆ ಅಮ್ಮಯಮ್ಮ."

"ಇವತ್ತಲ್ದಿದ್ರೆ ನಾಳೆ ಇಳಿಸೋನು ಬಿಡವ್ವ," ಎಂದಳು ಮುದುಕಿ. ಅದೂ ಸಮಾಧಾನದ ಮಾತಲ್ಲ, ಇಬ್ಬರಿಗೂ ಗೊತ್ತಿತ್ತು.

ಚಿನ್ನಸ್ವಾಮಿ ಕೆಟ್ಟವನಲ್ಲ. ತನ್ನ ಬೋರಿನಿಂದ ಶಾಲೆಗೆ ಒಂದು ಪೈಪು ಎಳೆಸಿ ನಲ್ಲಿ ಹಾಕಿಸಿಕೊಟ್ಟ. ಮಳೆಗಾಲ ಬಂದು ಹೋಯಿತು, ಕಲ್ಲಿನ ಮೀನು ಒಣಗಿಯೇ ಉಳಿಯಿತು. ಮುಂದಿನ ದ್ರಾಕ್ಷಿಯ ಹೊತ್ತಿಗೆ ಅವನ ಮೋಟರೂ ಉಸಿರು ಬಿಟ್ಟುಬಿಟ್ಟು ಎತ್ತತೊಡಗಿತು. ಆಗ ಪೈಪಿನ ಬಾಯಿಗೆ ಮರದ ಬಿರಡೆ ಬಿತ್ತು. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರತೊಡಗಿದರು, ತರದವರು ತಂದವರ ಹಿಂದೆ ಸುತ್ತತೊಡಗಿದರು. ಶಿಲ್ಪ ಅಷ್ಟರಲ್ಲಿ ಬೂದಿಗೆರೆಯ ಹೈಸ್ಕೂಲು ಸೇರಿದ್ದಳು.

ಹೊಸ ಏಳನೇ ಕ್ಲಾಸಿಗೆ ಅಂತರ್ಜಲದ ಪಾಠ ಬಂತು. ಪೆಟ್ಟಿಗೆ ಹೊರಗೆ ತೆಗೆಯುವುದೇ ಬೇಡವೆಂದು ಅರುಣಾ ನಿರ್ಧರಿಸಿದ್ದಳು. ಆದರೆ ಅಕ್ಕಂದಿರು, ಅಣ್ಣಂದಿರು ಹೇಳಿದ ಆಟ, ಮಕ್ಕಳು ಬಿಟ್ಟಾರೆಯೆ? ಬೀರು ತೆಗೆಸಿ, ಧೂಳು ಒರೆಸಿ, ಅವರೇ ಮೇಜಿನ ಮೇಲೆ ತಂದಿಟ್ಟರು. ಹಳೆಯ ಪದರಗಳು ಹಾಗೇ ಇದ್ದವು, ಮೇಲಿನ ಕೆಮ್ಮಣ್ಣು ಬಿರುಕುಬಿಟ್ಟಿತ್ತು.

"ನೀರು ಮಿಸ್?"

ಮೂಲೆಯ ಕೊಡದಲ್ಲಿ ಅಮ್ಮಯಮ್ಮ ಎಲ್ಲಿಂದಲೋ ಹೊತ್ತು ತಂದ ನೀರು ತಳದಲ್ಲಿತ್ತು. ಅರುಣಾ ಅದರ ಮುಚ್ಚಳ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದೆ ಅಂದ್ಕೊಳ್ಳಿ," ಎಂದಳು.

ಬಾವಿಯ ಪಕ್ಕದ ಪರಂಗಿ ಮರ ಒಣಗಿ ಬಿದ್ದಿತ್ತು. ಹಳೆಯ ದಂಟುಗಳೇ ಪೆಟ್ಟಿಗೆಯ ಪಕ್ಕದಲ್ಲಿ ಸುಕ್ಕುಗಟ್ಟಿ ಕುಳಿತಿದ್ದವು. ಅವನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿ, ಉದ್ದದ್ದನ್ನು ಕೈಯಲ್ಲಿ ಹಿಡಿದು, "ಇದು..." ಎಂದು ಬಾಯಿ ತೆರೆದಳು.

"ಅದು ನಂಗೆ ಮಿಸ್!"

"ಮಿಸ್, ನಂಗೆ! ನಾನು ಮೊದ್ಲು ಕೇಳಿದ್ದು!"

"ಲೇ ಬಿಡೋ, ಉದ್ದದ್ದು ನಂದು ಕಣೋ!"

ಮಕ್ಕಳು ಮೇಜಿಗೆ ಮುಗಿಬಿದ್ದರು. ಗಾಜಿನ ಪೆಟ್ಟಿಗೆ ಅಲುಗಾಡಿ, ಒಣ ಮರಳು ಒಂದು ಬದಿಗೆ ಜಾರಿತು. ಅರುಣಾ ಒಂದು ಕೈಯಲ್ಲಿ ಪೆಟ್ಟಿಗೆ ಹಿಡಿದು, ದಂಟನ್ನು ತಲೆಯ ಮೇಲಕ್ಕೆ ಎತ್ತಿದಳು. ಪುಟ್ಟ ಕೈಗಳೆಲ್ಲ ಅದರ ಹಿಂದೆಯೇ ಮೇಲೆ ಬಂದವು. ಗಿಡ್ಡ ದಂಟುಗಳು ಮೇಜಿನ ಮೇಲೆ ಹರಡಿದಂತೆಯೇ ಬಿದ್ದಿದ್ದವು. ಅವನ್ನು ಯಾರೂ ಮುಟ್ಟಲಿಲ್ಲ.