ಯಾವ ಚಾರ್ಜರಿಗೂ ಕೂರದ ಪಿನ್

ಹದಿನೈದು ದಿನದಲ್ಲಿ ಎರಡನೆಯ ಸಲ ಕಲ್ಲೇಶಪ್ಪನವರ ಸೈಕಲ್ಲಿನ ದೀಪ ಆರಿತ್ತು. ಮೊದಲ ಸಲ ಸಮತಟ್ಟು ರಸ್ತೆಯಲ್ಲಿ ಆರಿದ್ದರಿಂದ ಇಳಿದು ತಳ್ಳಿಕೊಂಡು ಡೇರಿಗೆ ಹೋಗಿದ್ದರು. ಈ ಸಲ ಇಳಿಜಾರಿನ ತಿರುವು, ಬೆಳಗಿನ ಐದೂವರೆಯ ಮಂಜು. ಸೈಕಲ್ಲು, ಎಂಟು ಲೀಟರ್ ಹಾಲು, ಅರವತ್ತೆಂಟು ವರ್ಷದ ಕಲ್ಲೇಶಪ್ಪ, ಎಲ್ಲ ಒಟ್ಟಿಗೆ ಚರಂಡಿ ಸೇರಿದ್ದರು. ಮೊಣಕೈ ತರಚಿತ್ತು, ಕ್ಯಾನು ನೆಗ್ಗಿತ್ತು. ದೀಪ ಮಾಡಿಕೊಟ್ಟವಳು ಸೊಸೆ ಸುಧಾ.

ಮಗ ನಾಗಾರ್ಜುನ ಜಾಸ್ತಿ ಮಾತಾಡುವವನಲ್ಲ. "ನಾಳೆಯಿಂದ ಹಾಲು ನಾನು ಬೈಕಲ್ಲಿ ಹಾಕ್ತೀನಿ. ಸೈಕಲ್ ಗುಜರಿಗೆ," ಎಂದ.

ಕಲ್ಲೇಶಪ್ಪ ತಮ್ಮ ಮೊಣಕೈಗೆ ಅರಿಶಿನ ಒತ್ತುತ್ತಿದ್ದ ಹೆಂಡತಿ ಚನ್ನಬಸಮ್ಮನ ಕೈಯನ್ನೇ ನೋಡುತ್ತ ಕೂತರು. ಹಾಲು ಹಾಕಿ ಬರಲು ಅರ್ಧ ಗಂಟೆ ಸಾಕು, ಅವರು ಎರಡು ಗಂಟೆ ತೆಗೆದುಕೊಳ್ಳುತ್ತಿದ್ದರು. ಡೇರಿಯ ಕಟ್ಟೆಯ ಮೇಲೆ ಶಾಂತಪ್ಪ, ಇನ್ನಿಬ್ಬರು ಮುದುಕರು, ಒಂದು ಪೇಪರು. ಮನೆಯಲ್ಲಿ ಅವರೊಡನೆ ವಾದಕ್ಕೆ ನಿಲ್ಲುವವರು ಯಾರೂ ಇರಲಿಲ್ಲ. ಅಲ್ಲಿ ಮೂರು ಜನ ಇದ್ದರು. ಸೈಕಲ್ ಹೋದರೆ ಅದೂ ಹೋಗುತ್ತದೆಂದು ಸುಧಾಳಿಗೆ ಗೊತ್ತಿತ್ತು.

"ಶನಿವಾರದವರೆಗೆ ತಡೀರಿ," ಎಂದಳು ಗಂಡನಿಗೆ. "ನಾನು ಮಾಡಿದ ದೀಪ. ಏನಾಯ್ತು ಅಂತ ನೋಡ್ಬೇಕು."

"ಇನ್ನೊಂದು ಸಲ ಆರಿದ್ರೆ?"

"ಗುಜರಿಗೆ ನಾನೇ ತಳ್ಕೊಂಡು ಹೋಗ್ತೀನಿ."

ಮದುವೆಗೆ ಮುಂಚೆ ಸುಧಾ ಹಾಸನದಲ್ಲಿ ಐಟಿಐ ಮಾಡಿದ್ದಳು, ಎಲೆಕ್ಟ್ರಾನಿಕ್ಸ್. ಸಾಲ್ಡರಿಂಗ್ ಕಡ್ಡಿ ಆರು ವರ್ಷ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಅಂಗಡಿಯಿಂದ ತಂದ ಸೈಕಲ್ ದೀಪ ಮಳೆಗೆ ಕೆಟ್ಟಾಗ ಅದನ್ನು ಹೊರತೆಗೆದು, ತಮ್ಮನ ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಎರಡು ಸೆಲ್ ಬಿಡಿಸಿ, ಹೆಚ್ಚು ಕರೆಂಟಿನಿಂದ ಅವುಗಳನ್ನು ಕಾಯಲು ಒಂದು ಚಿಕ್ಕ ಬೋರ್ಡ್ ಕೂಡಿಸಿ, ಎಲ್‌ಇಡಿ ದೀಪ ಕಟ್ಟಿದ್ದಳು. ದಿನಾ ಬ್ಯಾಟರಿ ಬಿಚ್ಚಿ ಮನೆಯೊಳಗೆ ಚಾರ್ಜಿಗೆ ಹಾಕಬೇಕಿತ್ತು. ಅದಕ್ಕೆ ದೀಪಕ್ಕೂ ಬ್ಯಾಟರಿಗೂ ನಡುವೆ ಒಂದು ಉರುಟು ಪಿನ್ ಇಟ್ಟಳು. ಉರುಟು ಪಿನ್ನೇ ಯಾಕೆಂದರೆ ಡ್ರಾಯರಿನಲ್ಲಿ ಅದೇ ಇತ್ತು. ಮೊದಲ ಸಲ ದೀಪ ಆರಿದಾಗ ಪಿನ್ ಸಡಿಲವಿರಬೇಕೆಂದು ಬಿಗಿಯಾದದ್ದು ಹಾಕಿದ್ದಳು.

ಮಧ್ಯಾಹ್ನ ಬ್ಯಾಟರಿಯ ಡಬ್ಬಿ ಬಿಚ್ಚಿದಳು. ಬೆಸುಗೆ ಗಟ್ಟಿಯಾಗಿಯೇ ಇತ್ತು. ಪಿನ್ ಎಳೆದರೂ ಸುಲಭಕ್ಕೆ ಬರಲಿಲ್ಲ. ಸೆಲ್ಲುಗಳು ಸರಿಯಿದ್ದವು. ಕಾಯುವ ಬೋರ್ಡಿನ ಮೇಲೆ ಮಾತ್ರ ಒಂದು ಕಪ್ಪು ಚುಕ್ಕೆ, ಸುಟ್ಟ ವಾಸನೆ. ಕುಲುಕಿದರೆ ಬೋರ್ಡ್ ಸುಡುವುದಿಲ್ಲ. ಹೆಚ್ಚು ಕರೆಂಟ್ ನುಗ್ಗಿದರೆ ಸುಡುತ್ತದೆ.

ಆಮೇಲೆ ಪಿನ್ನಿನ ತೂತನ್ನು ಬೆಳಕಿಗೆ ಹಿಡಿದು ನೋಡಿದಳು. ಒಳಗೆ ನೀಲಿ ಪುಡಿ. ಮೈಲುತುತ್ತದ ನೀಲಿ. ಮೆಣಸಿನ ಬಳ್ಳಿಗೆ ಮೈಲುತುತ್ತ ಬೆರೆಸಿದ ಬೋರ್ಡೋ ಔಷಧಿ ಹೊಡೆಯುವ ವಾರ ಅದು. ಮಾವನ ಉಗುರು, ಅಂಗಿ, ಕನ್ನಡಕದ ಕಡ್ಡಿ ಎಲ್ಲ ನೀಲಿ. ಆದರೆ ಬೆರಳು ಹೋಗದ ತೂತಿನೊಳಗೆ ನೀಲಿ ಹೋಗಬೇಕಾದರೆ, ಅದನ್ನು ಹೊತ್ತ ಪಿನ್ ಬೇರೆ ಇರಬೇಕು. ಕೊಟ್ಟಿಗೆಗೆ ಹೋಗಿ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರಿನ ಚಾರ್ಜರ್ ನೋಡಿದಳು. ಅದರ ಮೂತಿಯೂ ನೀಲಿ.

"ಮಾವ, ದೀಪದ ಬ್ಯಾಟರಿ ಯಾವುದಕ್ಕೆ ಹಾಕ್ತಿದ್ರಿ?"

"ಚಾರ್ಜರಿಗೆ."

"ಯಾವ ಚಾರ್ಜರಿಗೆ?"

ಕಲ್ಲೇಶಪ್ಪ ಮಗ ಹತ್ತಿರದಲ್ಲಿದ್ದಾನೆಯೇ ಎಂದು ಬಾಗಿಲ ಕಡೆ ನೋಡಿದರು. "ನಿಂದು ಸಣ್ಣದು ಕಣಮ್ಮ. ರಾತ್ರಿಯೆಲ್ಲ ಹಾಕಿದ್ರೂ ತುಂಬಲ್ಲ. ಸ್ಪ್ರೇಯರಿಂದು ದೊಡ್ಡದು, ಬೇಗ ತುಂಬಿಸ್ತದೆ ಅಂತ. ಪಿನ್ನೂ ಸರಿಯಾಗಿ ಕೂತ್ಕೊಂತು. ನೀನು ಹೊಸದು ಹಾಕಿದ್ಮೇಲೆ ಇನ್ನೂ ಚೆನ್ನಾಗಿ ಕೂತ್ಕೊಂತು."

"ಕೂತ್ಕೊಂತು ಅಂತ ಹಾಕೋದಾ?"

"ಕೂತ್ರೆ ತಾನೆ ಹಾಕೋದು? ಕೂರದೆ ಇರೋದನ್ನ ಹೆಂಗೆ ಹಾಕ್ಲಿ?"

ಆ ಮನೆಯಲ್ಲಿ ಟಾರ್ಚು, ಎಮರ್ಜೆನ್ಸಿ ಲೈಟು, ರೇಡಿಯೋ ಎಲ್ಲವೂ ಇದೇ ನಿಯಮದ ಮೇಲೆ ವರ್ಷಗಟ್ಟಲೆ ಬದುಕಿದ್ದವು.

"ನನ್ನ ಮಿಕ್ಸಿ ಜಾರಿಗೆ ಯಾವುದೋ ಮುಚ್ಚಳ ಕೂತ್ಕೊಂತು ಅಂತ ಹಾಕಿ, ಗೋಡೆಗೆಲ್ಲ ಚಟ್ನಿ ಬಳಿದೋರೂ ಇವರೇ," ಎಂದರು ಒಳಗಿನಿಂದ ಚನ್ನಬಸಮ್ಮ.

"ಆ ಬೋರ್ಡ್ ಇಲ್ದಿದ್ರೆ ಕೊಟ್ಟಿಗೆಗೆ ಬೆಂಕಿ ಬೀಳ್ತಿತ್ತು ಮಾವ," ಎಂದಳು ಸುಧಾ.

ಕಲ್ಲೇಶಪ್ಪ ಹಸುಗಳ ಕಡೆ ನೋಡಿದರು. "ಅವನಿಗೆ ಹೇಳ್ತೀಯಾ?" ಎಂದು ಕೇಳಿದರು.

"ಪಿನ್ ತಪ್ಪು ಅಂತ ಹೇಳ್ತೀನಿ. ಅದನ್ನ ಹಾಕಿದ್ದು ನಾನೇ."

ಅದು ಸುಳ್ಳೂ ಆಗಿರಲಿಲ್ಲ.

ಶನಿವಾರ ಮಾವ ಸೊಸೆ ಬಸ್ಸಿನಲ್ಲಿ ಶನಿವಾರಸಂತೆಗೆ ಹೋದರು. ಸಂತೆಯ ಗದ್ದಲ ದಾಟಿ, ಮೊಬೈಲ್ ರಿಪೇರಿ ಮಾಡುವ ಭವಿತ್‌ನ ಅಂಗಡಿ. ಅವನು ತಂತಿ ಜೋಡಿಸುವ ಕನೆಕ್ಟರು ತುಂಬಿದ ಒಂದು ಬಿಸ್ಕತ್ ಡಬ್ಬಿಯನ್ನು ಕೌಂಟರಿನ ಮೇಲೆ ಬೋರಲು ಹಾಕಿದ. "ನೋಡಿ ಅಕ್ಕ, ಇರೋದಿಷ್ಟು."

ಸುಧಾ ಹಳದಿಯದೊಂದನ್ನು ಎತ್ತಿಕೊಂಡಳು.

"ಅದು ಡ್ರೋನಿಗೆ ಹಾಕೋದು. ಸೇರಿಸಿದ್ರೆ ಎತ್ತು ಎಳೆದ್ರೂ ಬರಲ್ಲ."

"ಮಾವ, ಬಿಡಿಸಿ ನೋಡಿ."

ಕಲ್ಲೇಶಪ್ಪ ಎಳೆದರು. ಗಂಟುಬಿದ್ದ ಬೆರಳುಗಳು ಜಾರಿದವು. ಹಲ್ಲಿಗೆ ತಂದರು.

"ಅಜ್ಜ, ಕಚ್ಚಬೇಡಿ. ಇನ್ನೂ ನಂದೇ ಮಾಲು."

ಬಿಳಿಯ ಪುಟ್ಟದೊಂದು ಅವರ ಉಗುರಿಗೇ ಸಿಗಲಿಲ್ಲ. ಕೆಂಪುಕಪ್ಪು ಜೋಡಿಯದು ಅವರ ಕೈಗೆ ಒಗ್ಗಿತು, ಆದರೆ ಅದನ್ನು ತಿರುವುಮುರುವು ಸೇರಿಸಬಹುದು ಎಂದು ಸುಧಾಳೇ ಪಕ್ಕಕ್ಕಿಟ್ಟಳು. ಸೇರಿಸಬಹುದಾದರೆ ಮಾವ ಸೇರಿಸುತ್ತಾರೆ. ಕೊನೆಗೆ ರಾಶಿಯ ಅಡಿಯಿಂದ ಎರಡು ಪಿನ್ನಿನ, ಮೇಲೆ ತಿರುಪಿನ ಬಳೆ ಇದ್ದ ಕಬ್ಬಿಣದ್ದೊಂದು ಸಿಕ್ಕಿತು. ಒಂದೇ ದಿಕ್ಕಿನಲ್ಲಿ ಒಳಗೆ ಹೋಗುತ್ತಿತ್ತು. ಬಳೆ ತಿರುಗಿಸಿದರೆ ಬಿಗಿ.

"ಇದು?"

"ಮೈಕ್‌ಸೆಟ್ಟಿನವರು ಹೇಳಿ ತರಿಸಿದ್ರು, ತಿರುಗಿ ನೋಡಲಿಲ್ಲ. ಇಡೀ ಸಂತೆಯಲ್ಲಿ ಇದು ಬೇರೆ ಯಾವುದಕ್ಕೂ ಆಗಲ್ಲ ಅಕ್ಕ, ಈಗಲೇ ಹೇಳ್ಬಿಡ್ತೀನಿ."

"ಅದಕ್ಕೇ ಬೇಕು."

ಕಲ್ಲೇಶಪ್ಪ ಕಣ್ಣು ಮುಚ್ಚಿಕೊಂಡು ಬಳೆಯನ್ನು ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿದರು. "ಸ್ಪ್ರೇಯರಿನ ನಾಜಲ್ ತಿರುಗಿಸಿದ ಹಂಗೇ ಅದೆ," ಎಂದರು. ಮೂವತ್ತು ವರ್ಷದಿಂದ ನಾಜಲ್ ತಿರುಗಿಸಿದ ಕೈ ಅದು.

ಸುಧಾ ಎರಡು ಜೊತೆ ಕನೆಕ್ಟರು, ಒಂದು ಹೊಸ ಬೋರ್ಡು ತೆಗೆದುಕೊಂಡಳು. ಸಂಜೆಯೊಳಗೆ ಬ್ಯಾಟರಿಗೂ ದೀಪಕ್ಕೂ ತನ್ನ ಸಣ್ಣ ಚಾರ್ಜರಿಗೂ ಅದನ್ನೇ ಬೆಸೆದಳು. ಚಾರ್ಜರಿನ ಹಳೆಯ ಉರುಟು ಪಿನ್ನನ್ನು ಕತ್ತರಿಸಿ ಕಸಕ್ಕೆ ಹಾಕಿದಳು.

ನಾಗಾರ್ಜುನ ಬಂದು ದೀಪ ಹಚ್ಚಿದ. ಸೈಕಲ್ಲಿನ ಮುಂದಿನ ಗಾಲಿ ಎತ್ತಿ ಮೂರು ಸಲ ಅಂಗಳಕ್ಕೆ ಕುಕ್ಕಿದ. ದೀಪ ಉರಿಯುತ್ತಲೇ ಇತ್ತು. ಒಂದು ಚೊಂಬು ನೀರು ಸುರಿದ. ಉರಿಯಿತು.

"ಏನಾಗಿತ್ತು?"

"ಪಿನ್ ತಪ್ಪಾಗಿತ್ತು."

ಅವನು ಅಪ್ಪನ ನೀಲಿ ಉಗುರುಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. "ಒಂದು ವಾರ ನೋಡಣ," ಎಂದ.

ಮುಂದಿನ ಶನಿವಾರದ ಹೊತ್ತಿಗೆ ದೀಪ ಒಮ್ಮೆಯೂ ಆರಿರಲಿಲ್ಲ. ಆವತ್ತು ಬೆಳಿಗ್ಗೆ ಸುಧಾ ಎದ್ದು ಬಂದಾಗ ನಾಗಾರ್ಜುನ ಸೈಕಲ್ಲನ್ನು ಬೋರಲು ಹಾಕಿಕೊಂಡು ಕೂತಿದ್ದ. ಗುಜರಿಗೆ ಬಿಚ್ಚುತ್ತಿದ್ದಾನೇನೋ ಎಂದುಕೊಂಡಳು. ಹೊಸ ಬ್ರೇಕ್ ರಬ್ಬರ್ ಹಾಕುತ್ತಿದ್ದ.

ಕಲ್ಲೇಶಪ್ಪ ಡೇರಿಯಿಂದ ಬಂದಾಗ ಎಂಟು ಗಂಟೆ ಆಗಿತ್ತು. ಶಾಂತಪ್ಪನ ಜೊತೆ ಯಾವುದೋ ವಾದ ಗೆದ್ದ ಮುಖ. ಬಳೆ ತಿರುಗಿಸಿ ಬ್ಯಾಟರಿ ಬಿಚ್ಚಿ ಸೊಸೆಯ ಕೈಗೆ ಕೊಟ್ಟರು.

"ಶಾಂತಪ್ಪನಿಗೂ ಇಂಥದ್ದೊಂದು ಬೇಕಂತೆ. ಅವನ ಟಾರ್ಚಿನ ಚಾರ್ಜರಿಗೆ ಕೂರ್ತದಾ ಅಂತ ಕೇಳ್ದ. ಯಾವುದಕ್ಕೂ ಕೂರಲ್ಲ ಅಂದೆ."

"ಅಷ್ಟು ಖಾತ್ರಿಯಾಗಿ ಹೇಳಿದ್ರಾ?"

"ಹೇಳ್ದೆ," ಎಂದರು ಕಲ್ಲೇಶಪ್ಪ ಚಪ್ಪಲಿ ಬಿಡುತ್ತ. "ಮನೇಲಿರೋದಕ್ಕೆಲ್ಲ ಹಾಕಿ ನೋಡಿದ್ದೀನಲ್ಲ."